ದಪ್ಪ ದನಿಯ ಹಾರ್ನು

ವಸಂತಪುರದ ಬೈರಣ್ಣ ದಿನಾ ಬೆಳಿಗ್ಗೆ ಜಯನಗರದ ಛತ್ರಗಳಿಗೆ ಬಾಳೆಎಲೆ ಹಾಕಿ, ಮಧ್ಯಾಹ್ನ ಮೂರರ ಹೊತ್ತಿಗೆ ಹಳೆಯ ವ್ಯಾನಿನಲ್ಲಿ ಮನೆಗೆ ಬರುತ್ತಿದ್ದ. ಗೇಟಿನ ಮುಂದೆ ಒಮ್ಮೆ ಹಾರ್ನ್ ಒತ್ತಿದರೆ ಹೆಂಡತಿ ಸೊಣ್ಣಮ್ಮ ಬಂದು ಗೇಟು ತೆಗೆಯುವಳು. ಈ ವರ್ಷ ಅವಳ ಕಿವಿ ಮಂದವಾಗಿ, ಆ ಕೀಚಲು ಹಾರ್ನು ಕೇಳದಾಯಿತು. ಗೇಟು ತಾನೇ ತೆಗೆದುಕೊಳ್ಳುವುದು ಅವನಿಗೇನೂ ಕಷ್ಟವಲ್ಲ. ಆದರೆ ಅವಳು ಒಂದು ಗಂಟೆಗೇ ಬಿಸಿಲಲ್ಲಿ ಮೆಟ್ಟಿಲ ಮೇಲೆ ಬಂದು ಕೂರತೊಡಗಿದ್ದಳು.

“ಒಳಗೆ ಮಲಕ್ಕೋಬಾರ್ದಾ?” ಎಂದು ಒಂದು ದಿನ ಅವಳ ಕಿವಿಯ ಹತ್ತಿರ ಬಾಗಿ ಕೇಳಿದ.

“ನೀವು ಬಂದಿದ್ದೇ ಗೊತ್ತಾಗ್ದೆ ಹೋದ್ರೆ?” ಎಂದಳು.

ದಪ್ಪ ಸದ್ದು ಅವಳಿಗೆ ಇನ್ನೂ ಕೇಳುತ್ತದೆಂದು ಕಿವಿ ಡಾಕ್ಟರು ಹೇಳಿದ್ದರು. ಬೈರಣ್ಣ ದೊಡ್ಡದೊಂದು ಹಾರ್ನ್ ತಂದು ಹಳೆಯ ವೈರ್‌ಗೇ ಸಿಕ್ಕಿಸಿದ. ಎರಡು ಸಲ ಕೂಗಿ ಫ್ಯೂಸು ಹೋಯಿತು.

ಮರುದಿನ ಬಿಟಿಎಂನಲ್ಲಿ ಅಂಗಡಿ ಇಟ್ಟಿದ್ದ ಬಾಗಲಕೋಟೆ ಕಡೆಯ ಎಲೆಕ್ಟ್ರಿಷಿಯನ್ ದುಂಡಪ್ಪನ ಬಳಿ ವ್ಯಾನು ನಿಲ್ಲಿಸಿದ.

“ಇಷ್ಟ್ ಕರೆಂಟ್ ಆ ಸಣ್ಣ ವೈರ್ ತಡಿಯಂಗಿಲ್ರಿ ಯಜಮಾನ್ರ. ರಿಲೇ ಹಾಕ್ಬೇಕು,” ಎಂದ ದುಂಡಪ್ಪ. ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ವೈರೊಂದನ್ನು ಬೆಂಕಿಪೊಟ್ಟಣದಷ್ಟಿದ್ದ ರಿಲೇಗೆ ಎಳೆದ. ಅಲ್ಲಿಂದ ಹಾರ್ನಿಗೆ ಇನ್ನೊಂದು. ಸ್ಟೀರಿಂಗಿನ ಬಟನ್‌ನಿಂದ ಬಂದ ಸಣ್ಣ ವೈರು ರಿಲೇಯನ್ನು ಎಬ್ಬಿಸಿದರೆ ಸಾಕು, ಉಳಿದ ಭಾರವೆಲ್ಲ ಅದರದು.

“ಕೆರೆ ತೂಬು ಇದ್ದಂಗೆ,” ಎಂದ ಬೈರಣ್ಣ. ಅವನ ಅಪ್ಪ ನೀರುಗಂಟಿಯಾಗಿದ್ದ. ಒಂದು ಕೈಯಲ್ಲಿ ತೂಬೆತ್ತಿದರೆ ಇಡೀ ಬಯಲಿಗೆ ನೀರು ಹರಿಯುತ್ತಿತ್ತು.

“ಒಮ್ಮೆ ಒತ್ತಿ ನೋಡ್ರಿ.”

“ಬ್ಯಾಡ. ಮನೆ ಹತ್ರಾನೇ ಒತ್ತೀನಿ.”

ದಾರಿಯುದ್ದಕ್ಕೂ ಅವನು ಹಾರ್ನ್ ಮುಟ್ಟಲಿಲ್ಲ. ಬನಶಂಕರಿ ದಾಟುವಾಗ ರಸ್ತೆಬದಿಯ ಮರಗಳ ಗುಲಾಬಿ ಬಣ್ಣದ ಹೂಗಳು ಗಾಜಿನ ಮೇಲೆ ಬಿದ್ದು ಜಾರಿದವು. ಹಿಂದಿನ ಗಾಡಿಯವರೆಲ್ಲ ಹಾರ್ನ್ ಕೂಗಿಸುತ್ತಿದ್ದರೂ ವ್ಯಾನು ನೀರಿನೊಳಗೆ ಸಾಗಿದಂತೆ ಮೆಲ್ಲಗೆ ಸಾಗಿತು. ಬಿಸಿಲೂ ನಿದ್ದೆಗಣ್ಣಿನಲ್ಲಿತ್ತು.

ಇವತ್ತು ಒಳಗೇ ಮಲಗೆಂದು ಬೆಳಿಗ್ಗೆ ಅವಳಿಗೆ ಹೇಳಿ ಹೋಗಿದ್ದ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಬೈರಣ್ಣ ಒತ್ತಿದ. ಆಳವಾದ, ಉದ್ದನೆಯ ದನಿ ಎದ್ದಿತು. ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ, ಇನ್ನೂ ಉದ್ದಕ್ಕೆ ಒತ್ತಿದ.

ಸೊಣ್ಣಮ್ಮ ಬಿಚ್ಚಿದ ತುರುಬಿನಲ್ಲೇ ಹೊರಗೆ ಬಂದಳು. ವ್ಯಾನಿನ ಕಡೆ ನೋಡಲಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನ ಕಡೆ, ಹಿಂದೆ ಅವರ ಕೊಟ್ಟಿಗೆ ಇದ್ದ ಜಾಗವನ್ನು ಕಣ್ಣುಜ್ಜುತ್ತ ನೋಡಿದಳು.

“ಏನ್ರೀ, ನಮ್ ಎಮ್ಮೆ ಬಂತಾ?”

ಎಮ್ಮೆ ಮಾರಿ ಮೂವತ್ತು ವರ್ಷವಾಗಿತ್ತು. ಬೈರಣ್ಣ ಕಿಟಕಿಯಿಂದ ತಲೆ ಹೊರಹಾಕಿ ಗಟ್ಟಿಯಾಗಿ, “ಬಂತು ಕಣೆ,” ಎಂದ.

ಆಗ ಅವಳಿಗೆ ಪೂರ್ತಿ ಎಚ್ಚರವಾಯಿತು. ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ಗೇಟು ತೆಗೆದು, ವ್ಯಾನಿನ ಮುಂದೆ ನಿಂತು, ಬಿಸಿಯಾಗಿದ್ದ ತಗಡಿನ ಮೇಲೆ ಅಂಗೈ ಇಟ್ಟಳು.

“ಇನ್ನೊಂದ್ ಸಲ ಕೂಗ್ಸಿ.”