ಮೇಲಿನ ಹೊಲದ ಮಣ್ಣು

ಅಲ್ಲೂ ಹಾರೆ ಠಣ್ ಎಂದಿತು. ಗುಂಡಿ ತೋಡುವವನು ಅದನ್ನು ಬಿಸಾಕಿ ಕೂತೇಬಿಟ್ಟ.

"ಇಲ್ಲೂ ಬಂಡೆನೇ. ಗೇಣುದ್ದ ಕೆಂಪು ಮಣ್ಣಿಲ್ಲ. ನಿಮ್ಮಪ್ಪನ್ನ ನಿಲ್ಲಿಸಿ ಹೂಳಿದ್ರೂ ಪಾದ ಮುಚ್ಚಲ್ಲ."

ಮಗ ತಲೆ ತಗ್ಗಿಸಿದ. ಸ್ವಂತ ಹೊಲದಲ್ಲೇ ಮಣ್ಣು ಮಾಡಬೇಕೆಂಬುದು ಅಪ್ಪನ ಕೊನೆಯ ಆಸೆ. ಗುಡ್ಡದ ಮಣ್ಣು ಉಳಿಸುವ ಸಂಘಕ್ಕೆ ಇಪ್ಪತ್ತು ವರ್ಷ ಅಧ್ಯಕ್ಷನಾಗಿದ್ದವನು. ಪ್ರತಿ ಸಭೆಗೂ ಜನರನ್ನು ಕಾಯಿಸುತ್ತಿದ್ದ ಆಸಾಮಿ ಈಗ ತಾನೇ ಬಿಸಿಲಲ್ಲಿ ಕಾಯುತ್ತ ಮಲಗಿದ್ದ.

"ಮಣ್ಣಿನ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡ್ತಿದ್ರು!" ಎಂದು ಸಂಘದ ಕಾರ್ಯದರ್ಶಿ ಕಣ್ಣೊರೆಸಿಕೊಂಡ.

"ಹೌದೌದು. ಅವರು ಮಾತಾಡ್ತಿದ್ರು, ಅದು ಇಳಿದು ಹೋಗ್ತಿತ್ತು," ಎಂದ ತೋಡುವವನು.

\*

ಇಳಿಜಾರಿಗೆ ಅಡ್ಡವಾಗಿ ಉಳಬೇಕು, ಕಲ್ಲಿನ ಬದು ಕಟ್ಟಬೇಕು, ಒಬ್ಬರ ಹೊಲಕ್ಕೆ ಎಲ್ಲರೂ ಕೂಡಿ ದುಡಿಯಬೇಕು ಎಂದು ಮೊದಲ ಸಭೆಯಲ್ಲೇ ತೀರ್ಮಾನವಾಗಿತ್ತು. ಎಲ್ಲರ ಕೈ ಎತ್ತಿಸಿದವನೂ ಅಧ್ಯಕ್ಷನೇ, ಮೊದಲು ಜಾರಿಕೊಂಡವನೂ ಅವನೇ. ಬದು ಹಾಕಿದರೆ ಎರಡು ಸಾಲು ಬೆಳೆ ನಷ್ಟವಂತೆ! ಮಾತನ್ನು ನಂಬಿದವಳು ಅವನ ತೀರಿಹೋದ ತಮ್ಮನ ಹೆಂಡತಿ, ಅವನ ಹೊಲಕ್ಕೆ ತಾಗಿದ ಕೆಳಗಿನ ಕಪ್ಪು ನೆಲದವಳು. ಸಂಘದ ಹೆಂಗಸರ ಜೊತೆ ಕಲ್ಲು ಹೊತ್ತು ಬದು ಕಟ್ಟಿದಳು, ಹುಲ್ಲು ನೆಟ್ಟಳು, ಮಳೆಗಾಲ ಮುಗಿದಾಗಲೆಲ್ಲ ಇನ್ನಷ್ಟು ಎತ್ತರಿಸಿದಳು.

"ನಮ್ಮ ಮನೆಯವಳು ಕೋಟೆ ಕಟ್ತಿದಾಳೆ, ಯಾವ ರಾಜ ದಂಡೆತ್ತಿ ಬರ್ತಾನೋ!" ಎಂದು ಅವನು ಸಭೆಯನ್ನು ನಗಿಸಿದ.

ಹೊರಗಿನ ಅತಿಥಿಗಳು ಬಂದಾಗ ಮಾತ್ರ ಅದೇ ಬದುವಿನ ಮೇಲೆ ಎದೆಯುಬ್ಬಿಸಿ ನಿಂತು, "ಇದು ನಮ್ಮ ಹೊಲ" ಎಂದು ಫೋಟೊ ತೆಗೆಸಿಕೊಂಡ. ಅವಳಿಗೆ ಚಹಾ ತರಲು ಹೇಳಿದ. ಅಂಥವನಿಗೆ ಹಾರ ಹಾಕಿ ಚಪ್ಪಾಳೆ ತಟ್ಟಿದ ಊರಿನ ನಾಚಿಕೆಯೂ ಅಷ್ಟಕ್ಕಷ್ಟೆ.

\*

ಹೊತ್ತು ಇಳಿಯುವಾಗ ಮಗ ಕೆಳಗಿನ ಹೊಲಕ್ಕೆ ಬಂದ. ಅವಳು ಕಳೆ ಕೀಳುತ್ತಿದ್ದಳು.

"ಚಿಕ್ಕಮ್ಮ, ಒಂದು ಮೂಲೆ ಕೊಡ್ತೀರಾ? ಮೇಲೆ ಮಣ್ಣೇ ಇಲ್ಲ."

"ಇದನ್ನ ಕಂಡುಹಿಡಿಯೋಕೆ ನಿಮ್ಮಪ್ಪ ಸಾಯಬೇಕಾಯ್ತಾ?"

ಮಗನ ಕಣ್ಣಲ್ಲಿ ನೀರಿತ್ತು. ಅವಳಿಗೆ ಸತ್ತವನ ಮೇಲೆ ಎಳ್ಳಷ್ಟೂ ಕನಿಕರ ಹುಟ್ಟಲಿಲ್ಲ. ಎದುರಿಗಿದ್ದ ಹುಡುಗನ ಮೇಲೆ ಹುಟ್ಟಿತು. ಕೈ ಒರೆಸಿಕೊಂಡು ಬದುವಿನ ಮೇಲ್ಮಗ್ಗುಲು ತೋರಿಸಿದಳು.

"ಅಲ್ಲಿ ತೋಡ್ಲಿ. ಸ್ವಂತ ಹೊಲ ಬೇಕು ಅಂದಿದ್ರಲ್ಲ."

ಹಾರೆ ಬೇಕಾಗಲಿಲ್ಲ. ಗುದ್ದಲಿ ಸದ್ದಿಲ್ಲದೆ ಇಳಿಯಿತು. ತೋಡುವವನು ಸೊಂಟದವರೆಗೆ ಮುಳುಗಿದರೂ ಗುಂಡಿಯ ಗೋಡೆಗಳು ಕೆಂಪಗೇ ಇದ್ದವು. ಅವಳ ಕಪ್ಪು ಮಣ್ಣು ಇನ್ನೂ ಸಿಕ್ಕಿರಲಿಲ್ಲ.