ಹತ್ತು ನಿಮಿಷದ ಅವಸರ

ಬಟ್ಟೆ ಚೂರು ತುಂಬುವ ಮೂಟೆಯೊಳಗೆ ಮೂರು ಬೆಕ್ಕಿನ ಮರಿಗಳು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಟೈಲರಕ್ಕ ಅವನ್ನು ಕಂಡು ಅಲ್ಲೇ ಕೂತಳು. ಹತ್ತು ನಿಮಿಷ ಆಚೀಚೆ ನೋಡಿದಳು, ತಾಯಿಯ ಸುಳಿವಿಲ್ಲ.

"ಹೆತ್ತು ಬಿಸಾಕಿ ಹೋಗಿದೆ ನೋಡ್ರೀ."

ಬಟ್ಟೆ ಕತ್ತರಿಸುತ್ತಿದ್ದ ಗಂಡ ತಲೆ ಎತ್ತಲಿಲ್ಲ. "ಬೆಕ್ಕು ಅಂದ್ರೆ ಅಷ್ಟೇ ಕಣೇ. ಒಂದಿದ್ರೂ ಅಷ್ಟೇ, ಮೂರಿದ್ರೂ ಅಷ್ಟೇ. ಅದಕ್ಕೇನು ಎಣಿಸೋಕೆ ಬರುತ್ತಾ?"

ಅಕ್ಕ ಕೈಕಟ್ಟಿ ಕೂರುವವಳಲ್ಲ. ಹಸುವಿನ ಹಾಲು ಕಾಯಿಸಿ, ಆರಿಸಿ, ಮರಿಗಳನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ಚಮಚದಲ್ಲಿ ಕುಡಿಸಿದಳು. ಬೂದು ಬಣ್ಣದ ಮರಿ ಬಲು ಸಣ್ಣದು. ಪಾಪ ಅನ್ನಿಸಿ ಅದಕ್ಕೆ ಎರಡು ಚಮಚ ಹೆಚ್ಚಿಗೆ ಹಾಕಿದಳು. ಮೂರನ್ನೂ ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಬೆಕ್ಕುಗಳ ಆಶ್ರಯಕೇಂದ್ರಕ್ಕೆ ಹೊರಟಾಗ, ಒಳ್ಳೆಯ ಕೆಲಸ ಮಾಡಿದೆನೆಂಬ ಹೆಮ್ಮೆಯೂ ಇತ್ತು.

ಆ ಕೇಂದ್ರದಲ್ಲಿ ಸಂಬಳವಿಲ್ಲದೆ ದುಡಿಯುವವರು ನಾಲ್ಕೇ ಜನ. ಹಿರಿಯರು ಒಬ್ಬ ನಿವೃತ್ತ ನರ್ಸಮ್ಮ. ಬೆಳಗಿನಿಂದ ಗೂಡು ತೊಳೆದು, ಹುಣ್ಣಾದ ಕಿವಿಗಳಿಗೆ ಮುಲಾಮು ಹಚ್ಚಿ, ತಬ್ಬಲಿ ಮರಿಗಳಿಗೆ ಎರಡೆರಡು ಗಂಟೆಗೊಮ್ಮೆ ಸಿರಿಂಜಿನಲ್ಲಿ ಹಾಲು ಕೊಟ್ಟು, ಒದ್ದೆ ಹತ್ತಿಯಿಂದ ಒರೆಸಿ ಉಚ್ಚೆ ಮಾಡಿಸಿ ಅವರ ಸೊಂಟ ಬಿದ್ದುಹೋಗಿತ್ತು. ಬೂದು ಮರಿಯನ್ನೆತ್ತಿ ಕಿವಿಗೆ ಹಿಡಿದರು. ಒಳಗೆ ಗೊರಗೊರ ಸದ್ದು.

"ಹಾಲು ಹೇಗೆ ಕುಡಿಸಿದೆ, ಮಗಳೇ?"

"ಮಗೂಗೆ ಕುಡಿಸೋ ಹಾಗೇ. ಮಲಗಿಸಿ."

"ಕುಡಿಸೋವಾಗ ಮರಿಯ ಹೊಟ್ಟೆ ಕೆಳಗೇ ಇರಬೇಕಮ್ಮ. ಅಂಗಾತ ಮಲಗಿಸಿದ್ರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತೆ. ಹಸುವಿನ ಹಾಲು ಅರಗೋದೂ ಇಲ್ಲ."

"ತಾಯಿ ಬಿಟ್ಟುಹೋಗಿತ್ತಲ್ಲ, ಏನ್ಮಾಡ್ಲಿ?"

"ಎಷ್ಟು ಹೊತ್ತು ಕಾದೆ?"

"ಹತ್ತು ನಿಮಿಷ."

"ಮರಿಗಳ ಮೈ ಬೆಚ್ಚಗಿತ್ತಾ?"

"ಬೆಚ್ಚಗಿತ್ತು."

"ಹಾಗಿದ್ರೆ ತಾಯಿ ಇದಾಳೆ. ಹೊಟ್ಟೆಪಾಡಿಗೆ ಹೋಗಿರ್ತಾಳೆ. ಮೂರು ಮಕ್ಕಳ ಬಾಣಂತಿ, ತಿನ್ನಬೇಕಲ್ಲ?"

ಮಧ್ಯಾಹ್ನದೊಳಗೆ ಬೂದು ಮರಿ ನರ್ಸಮ್ಮನ ಅಂಗೈಯಲ್ಲೇ ಉಸಿರು ನಿಲ್ಲಿಸಿತು.

"ನಾನೇ ಕೊಂದೆ," ಎಂದಳು ಅಕ್ಕ.

ನರ್ಸಮ್ಮ ಇಲ್ಲವೆನ್ನಲಿಲ್ಲ. "ನಿಂಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾವು ಬಂದು ಹೇಳಲಿಲ್ಲ. ಅಳ್ತಾ ಕೂತ್ರೆ ಉಳಿದವೂ ಹೋಗ್ತವೆ. ನಡಿ, ತಾಯಿ ಹತ್ರ ಬಿಡೋಣ."

ಅಂಗಡಿಯ ಮೆಟ್ಟಿಲ ಮೇಲೆ ಗಂಡ ಮಂಕಾಗಿ ಕೂತಿದ್ದ. "ನೀನು ಹೋಗಿ ಅರ್ಧ ಗಂಟೆಗೇ ಬಂತು ಕಣೇ. ಮೂಟೆಯೊಳಗೆ ಹೋಗುತ್ತೆ, ಬರುತ್ತೆ, ಕೂಗುತ್ತೆ. ನಂಗೆ ಕತ್ತರಿ ಹಿಡಿಯೋಕೂ ಆಗ್ಲಿಲ್ಲ."

ಎರಡು ಮರಿಗಳನ್ನು ಮೂಟೆಯೊಳಗಿಟ್ಟು ಮೂವರೂ ರಸ್ತೆಯಾಚೆ ನಿಂತರು. ಬೆಕ್ಕು ಓಡಿ ಬಂದು ಎರಡನ್ನೂ ನೆಕ್ಕಿ, ಮಲಗಿ ಹಾಲು ಕೊಟ್ಟಿತು. ಅಕ್ಕ ಇನ್ನೇನು ನಿಟ್ಟುಸಿರು ಬಿಡಬೇಕು, ಅಷ್ಟರಲ್ಲಿ ಅದು ಎದ್ದಿತು. ಬಟ್ಟೆ ಚೂರುಗಳನ್ನು ಒಂದೊಂದಾಗಿ ಕೆದಕಿತು. ಬಾಗಿಲಿಗೆ ಬಂದು ಬೀದಿಯ ಕಡೆ ಕೂಗಿತು. ಮತ್ತೆ ಒಳಗೆ ಹೋಗಿ ಹುಡುಕಿತು.

"ಎಣಿಸೋಕೆ ಬರುತ್ತೆ," ಎಂದ ಗಂಡ. 

ಹೊರಡುವಾಗ ನರ್ಸಮ್ಮ ಹೇಳಿದರು: "ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೆ ಮತ್ತೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸೋಣ."

"ಪಾಪ ಅಲ್ವಾ?" ಎಂದಳು ಅಕ್ಕ.

"ವರ್ಷಕ್ಕೆ ಎರಡು ಮೂರು ಸಲ ಹೆತ್ತು, ಹೀಗೆ ಬೀದೀಲಿ ಹುಡುಕೋದು ಪಾಪ ಅಲ್ವಾ?"

"ನಾನೇ ಕರ್ಕೊಂಡು ಬರ್ತೀನಿ," ಎಂದ ಗಂಡ.

ಬೆಕ್ಕು ಮೂರು ದಿನ ಹುಡುಕಿತು. ಅಕ್ಕ ಆ ಮೂರು ದಿನವೂ ಮೆಷಿನ್ ತುಳಿಯಲಿಲ್ಲ.

ನಿಮ್ಮ ಮನೆಯ ಸಂದಿಯಲ್ಲೋ ಗ್ಯಾರೇಜಿನ ಮೂಲೆಯಲ್ಲೋ ಮರಿಗಳು ಕಂಡರೆ ದಯವಿಟ್ಟು ಎತ್ತಬೇಡಿ. ದೂರ ನಿಂತು ಕೆಲವು ಗಂಟೆ ಕಾಯಿರಿ. ಮೈ ತಣ್ಣಗಾಗಿ, ಬಿಡದೆ ಅಳುತ್ತಿದ್ದರೆ ಮಾತ್ರ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟು, ಹತ್ತಿರದ ಆಶ್ರಯಕೇಂದ್ರಕ್ಕೋ ಪಶುವೈದ್ಯರಿಗೋ ಫೋನ್ ಮಾಡಿ. ಅವರು ಹೇಳುವ ತನಕ ಹಾಲು ಹಾಕಬೇಡಿ. ಕಾಯಲು ಬೇಸರವಾದರೆ, ನೀವು ಡಬ್ಬ ಹೊತ್ತು ಹೋದ ಮೇಲೆ ಅಲ್ಲಿಗೆ ಬರುವವಳನ್ನು ಒಮ್ಮೆ ನೆನೆಯಿರಿ.