ಹಾಲಮ್ಮನ ಪಾಲಿನ ಬಿಸಿಲು

ತಾರಸಿಯ ಮೇಲಿದ್ದ ಹನ್ನೊಂದು ಗುಲಾಬಿ ಕುಂಡಗಳಿಗೂ ಹಾಲಮ್ಮ ಊರಿನ ಹೆಸರಿಟ್ಟಿದ್ದಳು. ಮೂವತ್ತೆರಡು ವರ್ಷ ನರ್ಸಾಗಿ ಸಾಗರ, ಹೊಸನಗರದ ಹಳ್ಳಿ ಹಳ್ಳಿ ಸುತ್ತಿದವಳು. ಹೆರಿಗೆ ಮಾಡಿಸಿದ ಮನೆಯವರು ಕೈಗೇನಾದರೂ ತುರುಕಲು ಬಂದರೆ, "ಅದೆಲ್ಲ ಬ್ಯಾಡ, ಅಂಗಳದ ಗುಲಾಬೀದೊಂದು ಗೆಲ್ಲು ಮುರ್ಕೊಡಿ" ಅನ್ನುತ್ತಿದ್ದಳು. ತುಮರಿಯ ಗೆಲ್ಲಂತೂ ಒದ್ದೆ ಬಟ್ಟೆ ಸುತ್ತಿಕೊಂಡು, ಹಸುಗೂಸಿನ ಹಾಗೆ ಅವಳ ಮಡಿಲಲ್ಲಿ ಕೂತು, ಹೊಳೆಬಾಗಿಲಿನ ಲಾಂಚಿನಲ್ಲಿ ಹೊಳೆ ದಾಟಿ ಬಂದಿತ್ತು. ಆ ಅಂಗಳಗಳಲ್ಲಿ ಈಗ ಎಷ್ಟೋ ಕಡೆ ಸಿಮೆಂಟು ಬಿದ್ದಿದೆ. ತಾಯಿಗಿಡ ಎಲ್ಲೂ ಇಲ್ಲ. ಇಲ್ಲಿ ಒಣಗಿದರೆ ಆ ಊರೇ ಅವಳ ಪಾಲಿಗೆ ಒಣಗಿದ ಹಾಗೆ.

ಡಿಸೆಂಬರಿನ ಒಂದು ಬೆಳಗ್ಗೆ ತುಮರಿಯ ಚಿಗುರಿನ ಮೇಲೆ ಬಿಳಿ ಪುಡಿ ಕಂಡಿತು. ಎಲೆ ಮುದುರಿತ್ತು, ಮೊಗ್ಗಿನ ಕುತ್ತಿಗೆಯೂ ಬೆಳ್ಳಗಾಗಿತ್ತು.

"ಇದೇನೇ ತುಮರಿ, ಈ ವಯಸ್ಸಿಗೆ ಪೌಡರ್ ಹಚ್ಕೊಂಡು ಎಲ್ಲಿಗೆ ಹೊರಟೆ?" ಅಂದಳು ಹಾಲಮ್ಮ. ಬಾಯಲ್ಲಿ ತಮಾಷೆ ಇದ್ದರೂ ಕೈ ಆಗಲೇ ಎಲೆ ಮಗುಚಿ ನೋಡುತ್ತಿತ್ತು. ಬೂದಿರೋಗ. ಡೆಟಾಲಿನಲ್ಲಿ ಕತ್ತರಿ ಅದ್ದಿ, ರೋಗದ ಎಲೆಗಳನ್ನೆಲ್ಲ ಕತ್ತರಿಸಿ ಚೀಲಕ್ಕೆ ಹಾಕಿ, ಬಚ್ಚಲೊಲೆಗೆ ಕೊಟ್ಟಳು. ನಾಲ್ಕು ದಿನಕ್ಕೆ ಹನ್ನೊಂದರಲ್ಲಿ ಹತ್ತು ಕುಂಡಗಳಿಗೆ ಬೂದಿ ಹರಡಿತು.

ಐದನೇ ದಿನ ಕೆಳಗಿನಿಂದ ಮನೆ ಯಜಮಾನ ಪೂರ್ಣೇಶ ಮೇಲೆ ಬಂದ. ಹೊಸನಗರದ ಕಡೆ ತೋಟ, ಸಾಗರದಲ್ಲಿ ಈ ಮನೆ. ಹಾಲಮ್ಮ ತಾರಸಿಯ ಒಂಟಿ ಕೋಣೆಗೆ ಆರು ವರ್ಷದ ಬಾಡಿಗೆದಾರಳು. ತಿಂಗಳ ಕೆಳಗೆ ಅವನು ಬೇಯಿಸಿದ ಅಡಿಕೆ ತಂದು ತಾರಸಿ ತುಂಬ ಹರವಿದ್ದ. "ಸ್ವಲ್ಪ ದಿನ ಅಷ್ಟೇ ಸಿಸ್ಟರೇ" ಎಂದು ಕುಂಡಗಳನ್ನೆಲ್ಲ ನೀರಿನ ಟ್ಯಾಂಕಿನ ಹಿಂದೆ, ತಗಡಿನ ಮಾಡಿನ ಕೆಳಗೆ ಒತ್ತೊತ್ತಾಗಿ ನಿಲ್ಲಿಸಿದ್ದ. ಸಿಮೆಂಟಿನ ದೊಡ್ಡ ಕುಂಡದಲ್ಲಿದ್ದ ಆನಂದಪುರ ಮಾತ್ರ ಇಬ್ಬರು ಆಳು ಎಳೆದರೂ ಅಲುಗಾಡದೆ ಪ್ಯಾರಪೆಟ್ಟಿನ ಪಕ್ಕದಲ್ಲೇ ಉಳಿದಿತ್ತು.

"ಇದು ಕೊಳೆರೋಗ ಸಿಸ್ಟರೇ," ಅಂದ ಪೂರ್ಣೇಶ, ಎಲೆ ಮುಟ್ಟದೆ. "ಬೋರ್ಡೋ ಮದ್ದು ಹೊಡೀರಿ. ಮೈಲುತುತ್ತ, ಸುಣ್ಣ. ನಮ್ಮಜ್ಜನ ಕಾಲದಿಂದ ಅಡಿಕೆಗೆ ಅದೇ."

"ಕೊಳೆ ಮಳೆಗಾಲದ್ದು ಪೂರ್ಣೇಶ್. ಮಳೆ ಹೋಗಿ ಎಷ್ಟು ದಿನ ಆಯ್ತು? ಮಂಡೆನೋವಿಗೂ ಹೊಟ್ಟೆನೋವಿಗೂ ಒಂದೇ ಮಾತ್ರೆ ಕೊಡ್ತಾರೇನ್ರಿ?"

"ನನ್ನ ಅಡಿಕೆಗೆ ಹತ್ತಿದ್ರೆ?"

"ನಿಮ್ಮ ಅಡಿಕೆ ಬೆಂದು ಹೋಗಿದೆಯಲ್ಲ, ಅದಕ್ಕೆ ಇನ್ಯಾವ ರೋಗ ಹತ್ತುತ್ತೆ ಮಾರಾಯ್ರೇ!"

ಮೆಟ್ಟಿಲ ಮೇಲೆ ಬಟ್ಟೆಯ ಬಕೆಟ್ಟು ಹಿಡಿದು ನಿಂತಿದ್ದ ಅವನ ಹೆಂಡತಿ ಚೈತ್ರಾ ಕಿಸಕ್ಕೆಂದಳು. ಪೂರ್ಣೇಶನ ಮುಖ ಬಿಗಿಯಿತು. "ಭಾನುವಾರದೊಳಗೆ ಈ ಬಿಳೀದು ಹೋಗ್ಬೇಕು. ಇಲ್ದಿದ್ರೆ ಕುಂಡ ಎಲ್ಲ ರಸ್ತೆಗೆ."

ಶನಿವಾರ ಹಾಲಮ್ಮ ಆನಂದಪುರದ ಒಂದು ಮನೆಗೆ ನಾಮಕರಣಕ್ಕೆ ಹೋದಳು. ಅವಳ ಕೈಯಲ್ಲೇ ಹುಟ್ಟಿದ ಹುಡುಗಿಗೆ ಈಗ ಮಗು. ಸಂಜೆ ಬಸ್ಸಿಳಿದು ತಾರಸಿ ಹತ್ತಿದರೆ ಮಾಡಿನ ಕೆಳಗೆ ಹತ್ತು ಕುಂಡಗಳೂ ಮೈಲುತುತ್ತದ ನೀಲಿ. ಪೂರ್ಣೇಶ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವನಲ್ಲ, ಬೇರಿನವರೆಗೂ ತೋಯಿಸಿದ್ದ. ಎರಡು ದಿನಕ್ಕೆ ಎಳೆ ಎಲೆಗಳ ಅಂಚು ಕಪ್ಪಾಗಿ ಸುಟ್ಟಂತಾಯಿತು. ತುಮರಿಯಲ್ಲಿ ಉಳಿದದ್ದು ಎಂಟು ಎಲೆ.

"ಮದ್ದು ಹೊಡೆದ ಮೇಲೆ ಸ್ವಲ್ಪ ಹಾಗೇ ಆಗೋದು," ಅಂದ ಪೂರ್ಣೇಶ. "ಇನ್ನೊಂದು ವಾರ ಟೈಮ್ ಕೊಟ್ಟಿದೀನಿ, ಹೋಗ್ಲಿ."

ಅವನು ಇಳಿದು ಹೋದ ಮೇಲೆ ಹಾಲಮ್ಮ ಸೊಂಟಕ್ಕೆ ಕೈಯಿಟ್ಟು, ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲಿ ಅವನದೇ ದನಿ ತೆಗೆದಳು: "ನಮ್ಮಜ್ಜನ ಕಾಲದಿಂದ ಸಿಸ್ಟರೇ! ಅಡಿಕೆಗೂ ಬೋರ್ಡೋ, ಗುಲಾಬಿಗೂ ಬೋರ್ಡೋ, ಹೆಂಡ್ತಿಗೆ ನೆಗಡಿ ಆದ್ರೂ ಬೋರ್ಡೋ!"

"ಅಯ್ಯೋ, ಥೇಟ್ ಅವ್ರೇ!" ಚೈತ್ರಾ ಮೆಟ್ಟಿಲ ಮೇಲೆ ಕೂತು ನಕ್ಕಳು. ಹಾಲಮ್ಮನಿಗೆ ಮಾತ್ರ ನಗು ಬರಲಿಲ್ಲ. ಅವಳ ಕಣ್ಣು ಪ್ಯಾರಪೆಟ್ಟಿನ ಕಡೆ ಹೋಗಿತ್ತು. ಅಲ್ಲಿ ಆನಂದಪುರ ಎಲೆ ಎಲೆಯೂ ಮಿಂಚುತ್ತ, ಮೂರು ಹೂ ಬಿಟ್ಟು ನಿಂತಿತ್ತು. ಒಂದು ಚುಕ್ಕೆ ಬೂದಿ ಇಲ್ಲ. ಮದ್ದೂ ಬಿದ್ದಿಲ್ಲ.

"ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು. "ಒಂದು ಹಾಸಿಗೇಲಿ ನಾಲ್ಕು ಜನರನ್ನ ಮಲಗ್ಸಿ, ಕಿಟಕಿ ಮುಚ್ಚಿ, ಯಾಕೆ ಗುಣ ಆಗ್ಲಿಲ್ಲ ಅಂದ್ರೆ? ನೆರಳು, ಗಾಳಿ ಇಲ್ಲ, ಮೇಲಿಂದ ಈ ಚಳಿ. ರೋಗ ಗಿಡದ್ದಲ್ಲ ಕಣೇ ಚೈತ್ರಾ, ಜಾಗದ್ದು."

ಮರುದಿನ ಏಳು ಗಂಟೆಗೆ ರಾತ್ರಿ ಅಡಿಕೆಗೆ ಹೊದಿಸಿದ್ದ ಟಾರ್ಪಾಲನ್ನು ಅವಳೇ ಮಡಚಿದಳು. ಹರವಿದ್ದ ಅಡಿಕೆಯನ್ನು ಎರಡೂ ಬದಿಗೆ ಗುಡಿಸಿ, ನಟ್ಟನಡುವೆ ದಾರಿ ಮಾಡಿ, ಹತ್ತು ಕುಂಡಗಳನ್ನು ಒಂದೊಂದಾಗಿ ಎಳೆದು ತಂದು ಮೊಳ ಮೊಳ ದೂರಕ್ಕೆ ನಿಲ್ಲಿಸಿದಳು. ಸೊಂಟ ಕಳಚಿಬಿದ್ದಂತಾಯಿತು. ಕೊನೆಯ ಕುಂಡಕ್ಕೆ ಚೈತ್ರಾ ಕೈ ಹಾಕಿದಳು.

ಪೂರ್ಣೇಶ ಬಂದವನು ಬಾಗಿಲಲ್ಲೇ ನಿಂತ. "ಇದೆಂಥದು? ಅಡಿಕೆಗೆ ಬಿಸಿಲು ಬ್ಯಾಡ್ವಾ?"

"ಬೇಕು. ಗುಲಾಬಿಗೂ ಬೇಕು."

"ತಾರಸಿ ನನ್ನದು!"

"ತಾರಸಿ ನಿಮ್ಮದೇ. ಬಿಸಿಲಿನ ಪಹಣಿ ಯಾರ ಹೆಸರಲ್ಲಿದೆ ತೋರ್ಸಿ, ಈಗಲೇ ಎತ್ತುತೀನಿ."

"ಹಾಗಾದ್ರೆ ಮನೆ ಖಾಲಿ ಮಾಡಿ."

"ಕಾಗದದಲ್ಲಿ ಬರ್ಕೊಡಿ. ಕನ್ನಡಕ ಹಾಕ್ಕೊಂಡು ಓದ್ತೀನಿ. ಅಲ್ಲೀ ತನಕ ಈ ಹತ್ತೂ ನನ್ನ ಪೇಶೆಂಟು. ಡಿಸ್ಚಾರ್ಜ್ ಮಾಡೋಳು ನಾನು."

ಪೂರ್ಣೇಶ ತುಮರಿಯ ಕುಂಡಕ್ಕೆ ಬಗ್ಗಿ ಕೈ ಹಾಕಿದ. ಹಾಲಮ್ಮ ಅದರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಬೆಳಗಿನಿಂದ ಎಂಟು ಎಲೆ ಎಣಿಸಿಯೇ ಎಣಿಸಿದ್ದಳು. ಅವನ ಕೈ ತಾಗಿ ಒಂದು ಉದುರಿತು. ಅವಳು ಅದನ್ನು ಹೆಕ್ಕಿ ಅವನ ಅಂಗೈಗಿಟ್ಟಳು. "ಇದು ಲಾಂಚಿನಲ್ಲಿ ಕಡವು ದಾಟಿ ಬಂದದ್ದು. ಇದರ ತಾಯಿ ಇಲ್ಲ. ಈಗ ಎತ್ತಿ ನೋಡಾಣ."

ಪೂರ್ಣೇಶ ಅಂಗೈ ನೋಡಿದ, ಹೆಂಡತಿಯ ಕಡೆ ನೋಡಿದ. ಚೈತ್ರಾ ಅಡಿಕೆ ತಿರುವುವ ಕೋಲು ಹಿಡಿದು, ಕುಂಡದ ಈಚೆಗೊಂದು ಸಾಲು, ಆಚೆಗೊಂದು ಸಾಲು ಅಡಿಕೆ ಹರವತೊಡಗಿದ್ದಳು. "ಹಿಂಗೂ ಒಣಗುತ್ತೆ ರೀ," ಅಂದಳು, ತಲೆ ಎತ್ತದೆ. ಅವನು ಏನೋ ಗೊಣಗುತ್ತ ಇಳಿದು ಹೋದ.

ಅಂದಿನಿಂದ ವಾರಕ್ಕೆರಡು ಸಲ, ಬೆಳಗಿನ ಬಿಸಿಲಿನಲ್ಲಿ, ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು ಬೆರೆಸಿ ಸಿಂಪಡಿಸಿದಳು. "ಹಾಲಮ್ಮ ಹಾಲು ಕುಡಿಸ್ತಾಳಂತೆ ಗುಲಾಬಿಗೆ," ಎಂದು ಪೂರ್ಣೇಶ ಬೀದಿಯವರಿಗೆಲ್ಲ ಅವಳ ದನಿಯಲ್ಲೇ ಅಣಕಿಸಿ ಹೇಳಿದ. ಹಾಲಮ್ಮ ಮೇಲಿಂದ ಕೇಳಿ, "ದನಿ ಇನ್ನೂ ಸ್ವಲ್ಪ ದಪ್ಪ ಬೇಕು ಪೂರ್ಣೇಶ್!" ಅಂದಳು.

ಮೂರನೇ ವಾರಕ್ಕೆ ಒಂಬತ್ತು ಕುಂಡಗಳಲ್ಲಿ ಕೆಂಪು ಚಿಗುರು ಬಂತು, ಬೂದಿಯಿಲ್ಲದ್ದು. ತುಮರಿ ಬೋಳು ಕೋಲಾಗಿಯೇ ನಿಂತಿತ್ತು. ಹಾಲಮ್ಮ ಅದರ ಹತ್ತಿರ ಮಾತಾಡುವುದನ್ನೂ ಬಿಟ್ಟಿದ್ದಳು. ಆಮೇಲೊಂದು ಬೆಳಗ್ಗೆ ಅಡಿಕೆ ತಿರುವಲು ಬಂದ ಪೂರ್ಣೇಶನೇ ಕೂಗಿದ: "ಸಿಸ್ಟರೇ, ಇಲ್ಲಿ ಈ ಬೋಳು ಕೋಲಿನ ಬುಡದಲ್ಲೊಂದು ಚಿಗುರಿನ ಕಣ್ಣು ಒಡೆದಿದೆ ನೋಡಿ."

ಅಕ್ಕಿಕಾಳಿನಷ್ಟು ಕೆಂಪು. ಹಾಲಮ್ಮ ನೆಲಕ್ಕೆ ಕೆನ್ನೆ ತಾಗಿಸಿ ನೋಡಿದಳು, ಬಹಳ ಹೊತ್ತು. ಆಮೇಲೆ ಎದ್ದು ಸೆರಗಿನಿಂದ ಮೂಗೊರೆಸಿಕೊಂಡು ಅಂದಳು, "ಹ್ಞೂಂ. ಸ್ವಲ್ಪ ಸರೀರಿ ಪೂರ್ಣೇಶ್, ನೆರಳು ಬೀಳ್ತಿದೆ."

ಅವನು ಸರಿದ. ಅವನು ನಿಂತಿದ್ದ ಜಾಗಕ್ಕೆ ಹಾಲಮ್ಮ ಕುಂಡವನ್ನು ಒಂದು ಗೇಣು ಮುಂದೆ ಎಳೆದಳು, ಅವನ ಅಡಿಕೆಯ ಮೇಲೆಯೇ.